ಒಂದು ಸುತ್ತು ತಿರುಗಿ ನಿಲ್ಲುವ ಫ್ಯಾನು

ಜೂನ್ 4

ಅಳಿಯಂದಿರಿಗೆ,

ಹೀಗೆ ಬರೆಯಬಹುದೋ ಬಾರದೋ ಎಂದು ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ನೀವೂ ನನ್ನ ಮಗಳೂ ಬೇರೆಯಾಗಿ ಎರಡು ವರ್ಷವಾಯಿತು, ಕೋರ್ಟಿನ ಕಾಗದ ಕೈಗೆ ಬಂದು ಒಂದು ವರ್ಷ. ಗಂಡಹೆಂಡಿರು ಏನಾಗುತ್ತಾರೆ ಎಂದು ಆ ಕಾಗದದಲ್ಲಿ ವಿವರವಾಗಿ ಬರೆದಿದ್ದಾರೆ. ಅತ್ತೆ, ಅಳಿಯ ಏನಾಗುತ್ತಾರೆ ಎಂದು ಎಲ್ಲೂ ಇಲ್ಲ, ಹುಡುಕಿ ನೋಡಿದೆ. "ಮಾನ್ಯರೇ" ಎಂದು ಶುರುಮಾಡಿದರೆ ನೀರಿನ ಇಲಾಖೆಗೆ ಅರ್ಜಿ ಬರೆದ ಹಾಗಾಗುತ್ತದೆ. ಅದಕ್ಕೇ ಬಾಯಿಗೆ ಬಂದದ್ದನ್ನೇ ಬರೆದಿದ್ದೇನೆ. ನಿಮಗೆ ಇಷ್ಟವಾಗದಿದ್ದರೆ ಹೇಳಿ, ಬದಲಾಯಿಸುತ್ತೇನೆ.

ವಿಷಯ ಏನೆಂದರೆ, ನೀವು ನನಗೆ ಜೋಡಿಸಿಕೊಟ್ಟ ಕಂಪ್ಯೂಟರ್ ಏಳುತ್ತಿಲ್ಲ. ಗುಂಡಿ ಒತ್ತಿದರೆ ಹಸಿರು ದೀಪ ಮಿನುಕ್ ಎನ್ನುತ್ತದೆ. ಹಿಂದಿನ ಫ್ಯಾನು ಒಂದು ಸುತ್ತು ತಿರುಗಿ, ಬಾಗಿಲವರೆಗೆ ಹೋದವರಿಗೆ ಬೀಗದ ಕೈ ನೆನಪಾದ ಹಾಗೆ ನಿಂತುಬಿಡುತ್ತದೆ. ಆಮೇಲೆ ಏನಿಲ್ಲ. ಪರದೆ ಕಪ್ಪು.

ಅಂಗಡಿಯವನನ್ನು ಮನೆಗೆ ಕರೆಸಿದೆ. ಗುಂಡಿ ಎರಡು ಸಲ ಒತ್ತಿದ, ಮೇಲೊಂದು ಏಟು ಕೊಟ್ಟ, "ಮದರ್‌ಬೋರ್ಡ್ ಹೋಗಿದೆ ಅಮ್ಮಾ. ಇದನ್ನ ಎಸೆದು ಹೊಸದು ತಗೊಳ್ಳಿ. ಒಳಗಿರೋದರ ಆಸೆ ಬಿಟ್ಟುಬಿಡಿ" ಎಂದ. ನನಗೆ ಜೀವ ಹೋದ ಹಾಗಾಯಿತು. ಪುಸ್ತಕಗಳಿಗೆ ಪದಸೂಚಿ ಮಾಡಿಕೊಡುವ ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಈಗ ಒಂದು ದಪ್ಪನೆಯ ಚರ್ಮರೋಗದ ಪುಸ್ತಕ ಬಂದಿದೆ. "ಅಂಗಾಲು" ಇಂದ ಶುರುಮಾಡಿ "ಪಾದದ ಬಿರುಕು" ತನಕ ಬಂದಿದ್ದೆ. ಅಷ್ಟೂ ಅದರ ಹೊಟ್ಟೆಯಲ್ಲಿದೆ. ಜುಲೈ ಕೊನೆಗೆ ಪ್ರಕಾಶಕರಿಗೆ ಕೊಡಬೇಕು. ತುರಿಕೆಯ ವಿಷಯ ಓದಿ ಓದಿ ನನಗೇ ಮೈ ಕೆರೆತ ಶುರುವಾಗಿದೆ, ಅದು ಬೇರೆ ಮಾತು.

ನಿಮ್ಮ ಹವಾಮಾನ ಕೇಂದ್ರಕ್ಕೆ ಫೋನ್ ಮಾಡಿದೆ. ಯಾರೋ, "ಇದು ಮಳೆಗಾಳಿ ವರದಿಗೆ ಮಾತ್ರ" ಎಂದು ಇಟ್ಟುಬಿಟ್ಟರು. ಹಾಗಾಗಿ ಈ ಪತ್ರ. ಏನು ಮಾಡಲಿ, ತಿಳಿಸಿ.

ಅತ್ತೆ


ಜೂನ್ 15

ಅತ್ತೆಯವರಿಗೆ ನಮಸ್ಕಾರ.

ಬದಲಾಯಿಸಬೇಡಿ.

ನಿಮ್ಮ ಪತ್ರ ಗುರುವಾರದ ಜೀಪಿನಲ್ಲಿ ಬಂತು. ಈ ಬೆಟ್ಟಕ್ಕೆ ದಿನಸಿ, ಡೀಸೆಲ್, ಪತ್ರ ಎಲ್ಲವೂ ವಾರಕ್ಕೊಮ್ಮೆ ಆ ಜೀಪಿನಲ್ಲೇ ಬರಬೇಕು. ಅದರ ಚಾಲಕನನ್ನು ಎಲ್ಲರೂ ನ್ಯೂಟ್ರಲ್ ಎಂದು ಕರೆಯುತ್ತಾರೆ. ಇಳಿಜಾರಿನಲ್ಲಿ ಗೇರು ಹಾಕುವವನಲ್ಲ. ಆದ್ದರಿಂದ ನನ್ನ ಉತ್ತರ ತಡವಾದರೆ ಬೇಸರ ಮಾಡಿಕೊಳ್ಳಬೇಡಿ.

ಮೊದಲು ಒಂದು ಸಮಾಧಾನ. ಗುಂಡಿ ಎರಡು ಸಲ ಒತ್ತಿ, ಮದರ್‌ಬೋರ್ಡ್ ಹೋಗಿದೆ ಎಂದು ಯಾರಿಂದಲೂ ಹೇಳಲಾಗುವುದಿಲ್ಲ. ಒಂದು ವೇಳೆ ಹೋಗಿದ್ದರೂ ನಿಮ್ಮ ಪದಸೂಚಿ ಇರುವುದು ಡಿಸ್ಕಿನಲ್ಲಿ. ಒಲೆ ಕೆಟ್ಟರೆ ಡಬ್ಬಿಯಲ್ಲಿರುವ ಅಕ್ಕಿ ಹಾಳಾಗುವುದಿಲ್ಲವಲ್ಲ, ಹಾಗೆ. ಏನನ್ನೂ ಎಸೆಯಬೇಡಿ. ಯಾರಿಗೂ ಏಟು ಕೊಡಲು ಬಿಡಬೇಡಿ.

ಈಗ ಕೆಲಸ. ಕಂಪ್ಯೂಟರಿನ ತಂತಿಯನ್ನು ಈಗಿರುವ ಪ್ಲಗ್ ಪೆಟ್ಟಿಗೆಯಿಂದ ತೆಗೆದು ನೇರ ಗೋಡೆಗೆ ಹಾಕಿ. ಆ ಪ್ಲಗ್ಗಿಗೆ ಮೊದಲು ಮೇಜಿನ ದೀಪ ಹಾಕಿ, ಉರಿಯುತ್ತದೆಯೇ ನೋಡಿಕೊಳ್ಳಿ. ಆಗಲೂ ಏಳದಿದ್ದರೆ ಹಿಂದಿನಿಂದ ಪ್ರಿಂಟರು, ಕೀಬೋರ್ಡು, ಮೌಸು ಎಲ್ಲ ಕಳಚಿ ಒತ್ತಿ ನೋಡಿ. ಅದಕ್ಕೂ ಜಗ್ಗದಿದ್ದರೆ ಗೋಡೆಯ ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ. ಒಳಗೆ ಕೈ ಹಾಕುವ ಮುಂಚೆ ಪೆಟ್ಟಿಗೆಯ ಬರಿ ಲೋಹವನ್ನು ಒಮ್ಮೆ ಮುಟ್ಟಿ. ನಮ್ಮ ಮೈಯಲ್ಲಿರುವ ಸಣ್ಣ ವಿದ್ಯುತ್ತು ಅದಕ್ಕೆ ಹೋಗಲಿ. ಹಸಿರು ಬಣ್ಣದ, ಬಾಚಣಿಗೆಯಷ್ಟು ಉದ್ದದ ಒಂದು ಪಟ್ಟಿ ನಿಂತಿರುತ್ತದೆ. ಅದು ಮೆಮೊರಿ. ಎರಡು ಕಡೆಯ ಬಿಳಿ ಕ್ಲಿಪ್ ಒತ್ತಿದರೆ ತಾನಾಗಿ ಎದ್ದುಬರುತ್ತದೆ. ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಟಕ್ ಎನ್ನುವ ತನಕ ಒತ್ತಿ ಕೂರಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಪ್ರತಿ ಸಲ ಒಳಗೆ ಕೈ ಹಾಕುವ ಮೊದಲು ಪ್ಲಗ್ ಕೀಳುವುದನ್ನು ಮರೆಯಬೇಡಿ.

ನೀವು ಹೇಗಿದ್ದೀರಿ? ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ?

ನಿಮ್ಮ ಅಳಿಯ


ಜೂನ್ 26

ಅಳಿಯಂದಿರಿಗೆ,

ನಿಮ್ಮ ಪತ್ರ ಓದಿ ಮೊದಲು ಬಂದ ಯೋಚನೆ ಕಂಪ್ಯೂಟರಿನದಲ್ಲ. ಇಷ್ಟೊಂದು ಮಾತು ನಿಮ್ಮೊಳಗೆ ಎಲ್ಲಿತ್ತು? ಅಷ್ಟು ವರ್ಷ ನಮ್ಮ ಮನೆಗೆ ಬಂದು ಹೋಗಿ ಮಾಡಿದಿರಿ. "ಹೂಂ", "ಸಾಕು", "ಬರ್ತೀನಿ", ಇದರಾಚೆಗೆ ನಾನು ಕೇಳಿದ್ದು ನೆನಪಿಲ್ಲ. ಒಲೆ, ಡಬ್ಬಿ, ಅಕ್ಕಿ ಎಂದು ಉಪಮೆ ಬೇರೆ ಕೊಟ್ಟಿದ್ದೀರಿ. ಎರಡನೇ ಸಲ ಓದುವಾಗ ಲಕೋಟೆ ತಿರುಗಿಸಿ, ನೀವೇ ಬರೆದದ್ದಾ ಎಂದು ನೋಡಿದೆ.

ಈಗ ವರದಿ. ಗೋಡೆಯ ಪ್ಲಗ್ಗಿನಲ್ಲಿ ದೀಪ ಉರಿಯಿತು, ಕಂಪ್ಯೂಟರ್ ಏಳಲಿಲ್ಲ. ಎಲ್ಲ ಕಳಚಿದೆ, ಅದೇ ಒಂದು ಸುತ್ತು, ಅದೇ ನಿಲುಗಡೆ. ಭಾನುವಾರ ತಗಡು ಬಿಚ್ಚಿದೆ. ಸ್ಕ್ರೂಗಳನ್ನು ಉಪ್ಪಿನ ಬಟ್ಟಲಿಗೆ ಹಾಕಿಟ್ಟೆ. ಒಳಗೆ ಕತ್ತಲೆ, ನನ್ನ ಕಣ್ಣೋ ದೇವರೇ ಗತಿ. ಮಗಳಿಗೆ ರಜೆ ಇತ್ತು. "ಸ್ವಲ್ಪ ಟಾರ್ಚ್ ಹಿಡಿಯೇ" ಎಂದೆ. ಬಂದು ಹಿಡಿದಳು.

ಒಳಗಿನ ತಂತಿಗಳನ್ನೆಲ್ಲ ನೀವು ಜೊತೆ ಸೇರಿಸಿ, ಅಂಚಿಗೆ ಒತ್ತಿ, ಗಂಟು ಕೂಡ ಕಾಣದ ಹಾಗೆ ಕಟ್ಟಿದ್ದೀರಲ್ಲ, ಅದನ್ನು ನೋಡಿ, "ಜಡೆ ಹೆಣೆದ ಹಾಗಿದೆ ಅಲ್ವಾ ಅಮ್ಮಾ" ಎಂದು ನಕ್ಕಳು. ಆಮೇಲೆ, "ಅವರೇ ಕಟ್ಟಿದ್ದು. ತಂತಿ ಅಂದ್ರೆ ಎಷ್ಟು ತಾಳ್ಮೆ!" ಎಂದಳು. ಕೋಪದಿಂದ ಹೇಳಲಿಲ್ಲ. ನಾನು ಮೆಮೊರಿ ಪಟ್ಟಿ ತೆಗೆದು, ಉಜ್ಜಿ, ಟಕ್ ಅನ್ನಿಸುವ ತನಕ ಅಲ್ಲಾಡದೆ ಹಿಡಿದಿದ್ದಳು.

ಏನೂ ಪ್ರಯೋಜನವಾಗಲಿಲ್ಲ. ಈಗ ಮುಂದೇನು?

ಅಲ್ಲಿ ಗಾಳಿ ಜೋರಿರಬಹುದು. ಥಂಡಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡಿ.

ಅತ್ತೆ


ಜುಲೈ 6

ಅತ್ತೆಯವರಿಗೆ ನಮಸ್ಕಾರ.

ಪವರ್ ಸಪ್ಲೈ ಹೋಗಿದೆ ಎಂದು ಕಾಣುತ್ತದೆ. ಒಳಗೆ ಹಿಂಭಾಗದಲ್ಲಿ ಫ್ಯಾನು ಇರುವ ತಗಡಿನ ಡಬ್ಬಿ, ಅದು. ಅದನ್ನು ಪತ್ರದಲ್ಲಿ ಹೇಳಿಕೊಟ್ಟು ಬದಲಾಯಿಸುವುದು ಕಷ್ಟ. ನಾನೇ ಹೊಸದು ತಂದು ಹಾಕಿಕೊಡುತ್ತೇನೆ. ಜುಲೈ ಇಪ್ಪತ್ತೈದರಿಂದ ಹತ್ತು ದಿನ ರಜೆಗೆ ಬರೆದುಕೊಟ್ಟಿದ್ದೇನೆ. ನಿಮ್ಮ ಪ್ರಕಾಶಕರಿಗೆ ಸ್ವಲ್ಪ ತಡೆಯಲು ಹೇಳಿ. ಅಲ್ಲಿಯವರೆಗೆ ಅದನ್ನು ಮುಟ್ಟಬೇಡಿ.

ಇನ್ನೊಂದು ವಿಷಯ. ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ, ತಿಳಿದ ಹಾಗೆ ಬರೆಯುತ್ತೇನೆ.

ಅವಳು ಟಾರ್ಚ್ ಹಿಡಿದದ್ದನ್ನು, ನಕ್ಕದ್ದನ್ನು ಬರೆದಿದ್ದೀರಿ. ನೀವು ಅದನ್ನು ಸುಮ್ಮನೆ ಬರೆಯುವವರಲ್ಲ. ಅವಳು ಬರೆಸಿದ್ದೋ ನೀವಾಗಿ ಊಹಿಸಿ ಬರೆದದ್ದೋ ನಾನು ಕೇಳುವುದಿಲ್ಲ. ಆ ಪುಟವನ್ನು ಉಪಕರಣಗಳ ಕೋಣೆಯಲ್ಲಿ ನಿಂತುಕೊಂಡು ಓದಿದೆ. ಆವತ್ತಿನ ಗಾಳಿಯ ವೇಗವನ್ನು ತೇವಾಂಶದ ಜಾಗದಲ್ಲಿ ಬರೆದು ಬೈಸಿಕೊಂಡೆ.

ನಮ್ಮ ಮನೆಯಲ್ಲಿ ಏನು ತಪ್ಪಾಯಿತು ಎಂದು ನೀವು ಯಾವತ್ತೂ ಕೇಳಲಿಲ್ಲ. ದೊಡ್ಡದೇನೂ ಆಗಿರಲಿಲ್ಲ ಅತ್ತೆ. ಸಂಜೆ ಕೆಲಸದಿಂದ ಬಂದು ಕೂತಿರುತ್ತಿದ್ದೆ. ಅವಳು ಪಕ್ಕದಲ್ಲಿ ಬಂದು ಕೂತು, "ಏನು ಯೋಚನೆ ಮಾಡ್ತಾ ಇದೀರಾ?" ಎನ್ನುತ್ತಿದ್ದಳು. "ಏನಿಲ್ಲ" ಎನ್ನುತ್ತಿದ್ದೆ. ಏನೂ ಇರಲಿಲ್ಲ ಎಂದಲ್ಲ; ಎಲ್ಲಿಂದ ಶುರುಮಾಡುವುದು ಎಂದು ಹೊಳೆಯುವಷ್ಟರಲ್ಲಿ ಅವಳು ಎದ್ದುಹೋಗಿರುತ್ತಿದ್ದಳು. ಹೀಗೇ ದಿನಗಳು ಹೋದವು. ಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು. ಬಿಟ್ಟಳು ಎಂದು ನನಗೆ ಗೊತ್ತಾಗಲೂ ಸುಮಾರು ದಿನ ಹಿಡಿಯಿತು.

ಇಲ್ಲಿ ಬೆಳಗ್ಗೆ ಗಾಳಿ ಅಳೆಯುವ ಕಂಬದ ಹತ್ತಿರ ಒಬ್ಬನೇ ಹೋಗುತ್ತೇನೆ. ಅಲ್ಲಿ ಅವಳ ಜೊತೆ ಗಟ್ಟಿಯಾಗಿ ಮಾತಾಡುತ್ತೇನೆ. ಹಿಂದಿನ ದಿನ ಏನು ಯೋಚಿಸಿದೆ, ಅಡುಗೆಯವನು ಏನು ಹೇಳಿದ, ಮೋಡ ಹೇಗೆ ಬಂತು, ಎಲ್ಲ. ಗಾಳಿಯಲ್ಲಿ ಯಾರಿಗೂ ಕೇಳಿಸುವುದಿಲ್ಲ. ಅಭ್ಯಾಸ ಮಾಡಿದರೆ ಬರುತ್ತದೆ ಎಂದು ಈಗ ಗೊತ್ತಾಗಿದೆ. ಬಂದಾಗ ಅವಳ ಎದುರಿಗೆ ಕೂತು ಹೇಳಬೇಕು ಎಂದುಕೊಂಡಿದ್ದೇನೆ. ಇನ್ನೊಮ್ಮೆ ಶುರುಮಾಡೋಣವಾ ಎಂದೂ ಕೇಳಬೇಕು. ಅವಳು ಕೇಳಿಸಿಕೊಳ್ಳುತ್ತಾಳೆ ಅಲ್ಲವಾ?

ನಿಮ್ಮ ಅಳಿಯ


ಜುಲೈ 13

ಅಳಿಯಂದಿರಿಗೆ,

ನಿಮ್ಮ ಪತ್ರ ಈಗ ಬಂತು, ಈಗಲೇ ಬರೆಯುತ್ತಿದ್ದೇನೆ. ನೀವು ಬೆಟ್ಟ ಇಳಿಯುವ ಮುಂಚೆ ಇದು ಕೈಗೆ ಸಿಗಲಿ.

ಅವಳು ಮತ್ತೆ ಮದುವೆಯಾಗುತ್ತಿದ್ದಾಳೆ. ಅವಳು ಕೆಲಸ ಮಾಡುವ ಕಣ್ಣಿನ ಆಸ್ಪತ್ರೆಯಲ್ಲೇ ಕನ್ನಡಕ ಮಾಡಿಕೊಡುವವರ ಜೊತೆ. ನವೆಂಬರಿನಲ್ಲಿ. ಮಾತಾದದ್ದು ಮೇ ತಿಂಗಳಲ್ಲಿ. ಎಂದರೆ ನಾನು ನಿಮಗೆ ಮೊದಲ ಪತ್ರ ಬರೆಯುವಾಗಲೇ ನನಗೆ ಗೊತ್ತಿತ್ತು. ಹೇಳಬೇಕು ಎಂದುಕೊಂಡೇ ಬರೆಯಲು ಕೂರುತ್ತಿದ್ದೆ. ಕೊನೆಯಲ್ಲಿ ಬರೆಯೋಣ ಎಂದುಕೊಳ್ಳುತ್ತಿದ್ದೆ. ಕೊನೆ ಬಂದಾಗ, ಕಿವಿ ಮುಚ್ಚಿಕೊಳ್ಳಿ ಎಂದು ಬರೆದು ಲಕೋಟೆ ಅಂಟಿಸಿದೆ.

ಅವಳು ಟಾರ್ಚ್ ಹಿಡಿದದ್ದು ನಿಜ, ನಕ್ಕದ್ದೂ ನಿಜ. ಆದರೆ ನಾನು ಮಾಡುತ್ತಿದ್ದದ್ದು ನಿಮ್ಮ ಪತ್ರ ನೋಡಿಕೊಂಡು ಎಂದು ಅವಳಿಗೆ ಗೊತ್ತಿರಲಿಲ್ಲ. ಅಂಗಡಿಯವನು ಹೇಳಿಕೊಟ್ಟ ಎಂದಿದ್ದೆ. ನಾವು ಪತ್ರ ಬರೆದುಕೊಳ್ಳುವ ವಿಷಯವೇ ಅವಳಿಗೆ ಗೊತ್ತಿಲ್ಲ. ನಿಮಗೆ ಸ್ವಲ್ಪ ಖುಷಿಯಾಗಲಿ ಎಂದು ಆ ನಗುವನ್ನು ಬರೆದೆ. ಅದು ಇಷ್ಟು ದೂರ ಹೋಗುತ್ತದೆ ಎಂದು ಯೋಚಿಸಲಿಲ್ಲ. ಯೋಚಿಸಬೇಕಿತ್ತು. ನನ್ನ ವಯಸ್ಸಿಗೆ ಅಷ್ಟು ಬುದ್ಧಿ ಇರಬೇಕಿತ್ತು.

ಅವಳನ್ನು ಮದುವೆಯಾಗುವವರು ಒಳ್ಳೆಯವರು. ಬಹಳ ಮಾತಾಡುತ್ತಾರೆ. ಇದನ್ನು ನಿಮ್ಮನ್ನು ಚುಚ್ಚಲು ಬರೆಯುತ್ತಿಲ್ಲ. ಮುಚ್ಚಿಟ್ಟದ್ದು ಸಾಕಾಯಿತು, ಅದಕ್ಕೆ.

ಬರಬೇಡಿ ಎಂದು ನಾನು ಹೇಳಲಾರೆ. ಬಂದರೆ ಬಾಗಿಲು ತೆರೆಯುತ್ತೇನೆ. ಆದರೆ ಏನನ್ನು ಮನಸ್ಸಿನಲ್ಲಿಟ್ಟುಕೊಂಡು ಬರುತ್ತೀರೋ ಅದು ಇಲ್ಲಿಲ್ಲ. ಕಂಪ್ಯೂಟರಿನ ಯೋಚನೆ ಬಿಡಿ. ಹೇಗೋ ಆಗುತ್ತದೆ.

ಅತ್ತೆ


ಆಗಸ್ಟ್ 9

ಅಳಿಯಂದಿರಿಗೆ,

ನೀವು ಬರಲಿಲ್ಲ, ಬರೆಯಲೂ ಇಲ್ಲ. ಬರೆಯಲೇಬೇಕು ಎಂದು ನಾನು ಹೇಳುತ್ತಿಲ್ಲ. ಆದರೆ ಕಂಪ್ಯೂಟರಿನ ಕಥೆಯನ್ನು ಅರ್ಧಕ್ಕೆ ಬಿಟ್ಟರೆ ನಿಮಗೆ ಸರಿಬರುವುದಿಲ್ಲ ಎಂದು ಗೊತ್ತು. ಅದಕ್ಕೆ ಬರೆಯುತ್ತಿದ್ದೇನೆ.

ಪ್ರಕಾಶಕರು ಹದಿನೈದು ದಿನ ಹೆಚ್ಚು ಕೊಟ್ಟರು, ಗೊಣಗಿಕೊಂಡೇ. ತಗಡು ಬಿಚ್ಚಿದ ಪೆಟ್ಟಿಗೆ ಮೇಜಿನ ಮೇಲೆ ಹಾಗೇ ಬಾಯಿ ತೆರೆದುಕೊಂಡಿತ್ತು. ಮಗಳು, "ಇನ್ನೂ ಎಷ್ಟು ದಿನ ಅಮ್ಮಾ ಇದು? ಹೊಸದು ತರೋಣ, ಹಳೇದು ಯಾರಾದ್ರೂ ಒಯ್ಯಲಿ" ಎಂದಳು. ನಾನು ಹೂಂ ಎಂದೆ. ನಿಮ್ಮ ಹೂಂನ ಹಾಗೆ. ಒಪ್ಪಿಗೆಯೂ ಅಲ್ಲ, ಅಲ್ಲ ಎಂದೂ ಅಲ್ಲ.

ಅವಳು ಕೆಲಸಕ್ಕೆ ಹೋದ ಮೇಲೆ ನಿಮ್ಮ ಜೂನ್ ತಿಂಗಳ ಪತ್ರವನ್ನು ಇನ್ನೊಮ್ಮೆ ಓದಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂದಿದ್ದಿರಿ. ಜುಲೈ ಪತ್ರದಲ್ಲಿ ಪವರ್ ಸಪ್ಲೈ ಹೋಗಿದೆ ಎಂದಿರಿ. ಆದರೆ ಹೊರಗಿನದೆಲ್ಲ ಕಳಚಿ ನೋಡಿದ ಹಾಗೆ ಒಳಗಿನದನ್ನು ಕಳಚಿ ನೋಡಲೇ ಇಲ್ಲವಲ್ಲ ಎನ್ನಿಸಿತು. ಪ್ಲಗ್ ಕಿತ್ತೆ. ಲೋಹ ಮುಟ್ಟಿದೆ. ಆ ಪವರ್ ಸಪ್ಲೈ ಡಬ್ಬಿಯಿಂದ ಹೊರಟ ಹಳದಿ, ಕೆಂಪು, ಕಪ್ಪು ತಂತಿಗಳ ಹಿಂದೆ ಬೆರಳು ಹಿಡಿದು ಹೋದೆ. ಫ್ಲಾಪಿ ಹಾಕುವ ಪೆಟ್ಟಿಗೆಗೆ ಹೋದ ತಂತಿಯನ್ನು ಎಳೆದು, ಪ್ಲಗ್ ಹಾಕಿ ಒತ್ತಿದೆ. ಅದೇ ಹಾಡು. ಮತ್ತೆ ಪ್ಲಗ್ ಕಿತ್ತು ಅದನ್ನು ವಾಪಸ್ ಹಾಕಿ, ಸಿ.ಡಿ. ಹಾಕುವ ಪೆಟ್ಟಿಗೆಯದನ್ನು ಎಳೆದೆ. ಎಷ್ಟು ಬಿಗಿ ಮಾರಾಯರೇ! ಬೆರಳ ತುದಿ ಕೆಂಪಾಯಿತು.

ಒತ್ತಿದೆ. ಫ್ಯಾನು ತಿರುಗಿತು. ನಿಲ್ಲಲಿಲ್ಲ.

ಟುಂಯ್ ಎಂದು ಒಂದು ಸಲ ಕೂಗಿ ಪರದೆಯಲ್ಲಿ ಬಿಳಿ ಅಕ್ಷರ ಓಡಿದವು. ನಾನು ನಿಂತೇ ಇದ್ದೆ. ಕೂತರೆ ಎಲ್ಲಿ ಆರಿಹೋಗುತ್ತದೋ ಎಂಬ ಭಯ. "ಪಾದದ ಬಿರುಕು" ಇದ್ದಲ್ಲೇ ಇತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಹೇಳಿಕೊಳ್ಳಲು ಯಾರೂ ಸಿಗದೆ ಅಂಗಡಿಯವನಿಗೇ ಫೋನ್ ಮಾಡಿದೆ. "ನೋಡಿದ್ರಾ ಅಮ್ಮಾ, ಮದರ್‌ಬೋರ್ಡ್ ತಾನಾಗೇ ಸರಿಹೋಯ್ತು" ಎಂದ.

ಪದಸೂಚಿ ಮೊನ್ನೆ ಮುಗಿಸಿ ಕಳಿಸಿದೆ. ಈಗ ನಿಮ್ಮನ್ನು ಕೇಳಬೇಕಾದ್ದು ಏನೂ ಉಳಿದಿಲ್ಲ. ಆದ್ದರಿಂದ ಈ ಪತ್ರ ಮುಗಿಸಲು ಆಗುತ್ತಿಲ್ಲ. ಚೆನ್ನಾಗಿರಿ.

ಅತ್ತೆ


ಆಗಸ್ಟ್ 24

ಅತ್ತೆಯವರಿಗೆ ನಮಸ್ಕಾರ.

ಸಿ.ಡಿ. ಡ್ರೈವಿನ ಒಳಗೆ ಶಾರ್ಟ್ ಆಗಿದೆ. ಹಾಗಾದಾಗ ಪವರ್ ಸಪ್ಲೈ ತನ್ನನ್ನೂ ಉಳಿದದ್ದನ್ನೂ ಉಳಿಸಿಕೊಳ್ಳಲು ಕೂಡಲೇ ನಿಂತುಬಿಡುತ್ತದೆ. ಕೆಟ್ಟದ್ದು ಅದಲ್ಲ. ಆ ಡ್ರೈವನ್ನು ಮತ್ತೆ ಜೋಡಿಸಬೇಡಿ. ತಗಡು ಮುಚ್ಚಿ, ಸ್ಕ್ರೂ ಹಾಕಿ. ನೀವು ಮಾಡಿದ ಕ್ರಮದಲ್ಲಿ ಒಂದು ತಪ್ಪೂ ಇಲ್ಲ.

ತಪ್ಪು ನನ್ನ ಪತ್ರದಲ್ಲಿತ್ತು. ಒಳಗಿನದನ್ನು ಒಂದೊಂದಾಗಿ ಕಳಚಿ ನೋಡಿ ಎಂಬುದು ನಾನು ಬರೆಯಬೇಕಾಗಿದ್ದ ಮುಂದಿನ ಸಾಲು. ಪೆನ್ನಿನ ತುದಿಗೆ ಬಂದಿತ್ತು. ಬರೆದರೆ ನೀವೇ ಸರಿಮಾಡಿಬಿಡುತ್ತೀರಿ, ಆಮೇಲೆ ನಾನು ಬರಲು ಕಾರಣ ಇರುವುದಿಲ್ಲ. ಅದಕ್ಕೇ ಪವರ್ ಸಪ್ಲೈ ಎಂದೆ. ನಿಮ್ಮ ಕೆಲಸಕ್ಕೆ ವಾಯಿದೆ ಇದೆ ಎಂದು ಗೊತ್ತಿದ್ದೂ ಹಾಗೆ ಮಾಡಿದೆ. ನೀವು ಒಂದು ಮಾತನ್ನು ಮುಚ್ಚಿಟ್ಟಿರಿ, ನಾನೂ ಮುಚ್ಚಿಟ್ಟೆ. ನನ್ನ ಮೇಲೆ ಕೋಪ ಮಾಡಿಕೊಳ್ಳುವುದಿದ್ದರೆ ಮಾಡಿಕೊಳ್ಳಿ. ನಿಮ್ಮ ಮೇಲೆ ನನಗಿಲ್ಲ. ಸ್ವಲ್ಪ ದಿನ ಇತ್ತು, ಈಗಿಲ್ಲ.

ರಜೆ ಮಂಜೂರಾಗಿತ್ತು. ನಿಮ್ಮ ಪತ್ರ ಜೇಬಿನಲ್ಲಿಟ್ಟುಕೊಂಡೇ ಕೆಳಗಿನ ಊರಿಗೆ ಇಳಿದೆ. ಬಸ್ ನಿಲ್ದಾಣದಲ್ಲಿ ಕೂತೆ. ನಿಮ್ಮ ಊರಿನ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಎದ್ದು ಹೋಗಿ ಕ್ಷೌರ ಮಾಡಿಸಿಕೊಂಡೆ. ಸಂಜೆ ಜೀಪು ಮೇಲೆ ಹೊರಟಿದ್ದಾಗ ಹೋಗಿ ಹತ್ತಿದೆ.

"ಏನ್ ಸಾರ್, ಇಷ್ಟು ಬೇಗ?" ಎಂದ ನ್ಯೂಟ್ರಲ್.

"ಕಟಿಂಗ್ ಮಾಡಿಸೋಕೆ ಬಂದಿದ್ದೆ."

"ಅದಕ್ಕೆ ಹತ್ತು ದಿನ ರಜೆ ಹಾಕಿದ್ರಾ?"

ನನಗೆ ನಗು ಬಂತು. ನಗುತ್ತಾ ನಗುತ್ತಾ ಎಲ್ಲವನ್ನೂ ಹೇಳಿಬಿಟ್ಟೆ. ಮೊದಲ ತಿರುವಿನಲ್ಲಿ ಶುರುವಾದದ್ದು ಮೇಲೆ ತಲುಪುವ ತನಕ ಮುಗಿಯಲಿಲ್ಲ. ಇಷ್ಟು ದಿನ ಕಂಬದ ಹತ್ತಿರ ಗಾಳಿಗೆ ಹೇಳಿದ್ದು. ಎದುರಿಗೆ ಒಂದು ಮುಖ ಇಟ್ಟುಕೊಂಡು ಹೇಳಿದ್ದು ಅದೇ ಮೊದಲು. ಅವನು ರಸ್ತೆ ನೋಡಿಕೊಂಡೇ ಜೀಪು ಹತ್ತಿಸಿದ. ಇಳಿಯುವಾಗ, "ಅತ್ತೆಗೆ ಒಂದು ಕಾಗದ ಬರೀರಿ ಸಾರ್. ಪಾಪ, ಕಾಯ್ತಾ ಇರ್ತಾರೆ" ಎಂದ. ಬರೆಯಲು ಇಷ್ಟು ದಿನ ಹಿಡಿಯಿತು.

ಅವಳಿಗೆ ಒಳ್ಳೆಯದಾಗಲಿ. ಇದನ್ನು ಬರೆಯುವಾಗ ಕೈ ನಿಲ್ಲಲಿಲ್ಲ, ನಾನೇ ಆಶ್ಚರ್ಯಪಟ್ಟೆ.

ನಿಮ್ಮ ಅಳಿಯ


ಸೆಪ್ಟೆಂಬರ್ 3

ಅಳಿಯಂದಿರಿಗೆ,

ನವೆಂಬರ್ ಬದಲಾಗಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಬರೆಯುವುದನ್ನು ಓದಿ ನೀವು ಇನ್ನೇನೋ ತಿಳಿದುಕೊಳ್ಳುವುದು ಬೇಡ.

ನಿಮ್ಮ ಪತ್ರ ಬಂದಾಗ ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಮಗಳು ಟಪಾಲಿನವನ ಕೈಯಿಂದ ತೆಗೆದುಕೊಂಡು ಅಲ್ಲಿಗೇ ಬಂದಳು.

"ಅಮ್ಮಾ, ಇದು ಅವರ ಅಕ್ಷರ."

"ಹೌದು."

"ನಿಂಗ್ಯಾಕೆ ಬರೀತಾರೆ?"

"ಕಂಪ್ಯೂಟರ್ ರಿಪೇರಿಗೆ."

"ರಿಪೇರಿಗೆ ಇಷ್ಟು ದಪ್ಪನೇ ಪತ್ರಾನಾ?"

ಎಲ್ಲ ಹೇಳಿದೆ. ಹಿಂಡಿದ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ. ತೋಳಿನಿಂದ ನೀರು ಇಳಿಯುತ್ತಿತ್ತು. ನೀವು ಏನು ಬರೆದಿರಿ ಎಂದು ಮಾತ್ರ ಹೇಳಲಿಲ್ಲ, ಬರೆದಿರಿ ಎಂದಷ್ಟೇ. ಅವಳು ರೇಗಲಿಲ್ಲ. ಬಕೆಟ್ಟಿನಲ್ಲಿದ್ದ ಉಳಿದ ಬಟ್ಟೆ ತಾನೇ ಹರವಿದಳು. ಒಂದಕ್ಕೆ ಕ್ಲಿಪ್ಪು ಹಾಕುತ್ತಾ, "ನಂಗೆ ಒಂದು ಚೀಟೀನೂ ಬರೆದವರಲ್ಲ" ಎಂದಳು. ದೂರು ಹೇಳುವವರ ದನಿ ಅದಾಗಿರಲಿಲ್ಲ.

ಲಕೋಟೆಯನ್ನು ಒಡೆಯದೆ ನನ್ನ ಕೈಗೇ ಕೊಟ್ಟಳು. ಊಟವಾಯಿತು. ತಟ್ಟೆ ತೊಳೆದಿಟ್ಟು ಬಂದು, "ಅವನ್ನ ನಾನು ಓದಬಹುದಾ?" ಎಂದಳು. ಪತ್ರ ಬಂದದ್ದು ನನಗೆ, ಆದರೆ ಒಳಗಿನ ಮಾತು ಅವರದು, ಅವರನ್ನು ಕೇಳಬೇಕು ಎಂದೆ. "ಕೇಳು. ಅವಸರ ಏನಿಲ್ಲ ಅಂತ ಹೇಳು" ಎಂದಳು.

ಅದಕ್ಕೇ ಕೇಳುತ್ತಿದ್ದೇನೆ. ಬೇಡ ಎಂದರೆ ಬೇಡ. ನಾನು ಅವಳಿಗೆ ಹೇಳಿಕೊಳ್ಳುತ್ತೇನೆ.

ಅತ್ತೆ


ಸೆಪ್ಟೆಂಬರ್ 12

ಅತ್ತೆಯವರಿಗೆ ನಮಸ್ಕಾರ.

ಓದಲಿ. ಜುಲೈ ಆರರದ್ದೊಂದನ್ನು ತೆಗೆದಿಟ್ಟು ಉಳಿದದ್ದನ್ನು ಕೊಡಿ ಎಂದು ಬರೆದು ಲಕೋಟೆ ಅಂಟಿಸಿದ್ದೆ. ಕೆಳಗೆ ಹೋಗಿ ನ್ಯೂಟ್ರಲ್ ಕೈಗೆ ಕೊಟ್ಟೂ ಬಿಟ್ಟಿದ್ದೆ. ಅವನು ಜೀಪು ತಿರುಗಿಸುತ್ತಿರುವಾಗ ನಿಲ್ಲಿಸಿ ವಾಪಸ್ ತೆಗೆದುಕೊಂಡೆ. ಈಗ ಬಾನೆಟ್ಟಿನ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಎಂಜಿನ್ ಆರಿಸಿಲ್ಲ, ಅಕ್ಷರ ನಡುಗಿದ್ದಕ್ಕೆ ಬೇರೆ ಅರ್ಥ ಮಾಡಿಕೊಳ್ಳಬೇಡಿ.

ಜುಲೈ ಆರರದ್ದನ್ನೂ ಕೊಡಿ. ಅವಳ ಮನಸ್ಸು ಬದಲಾಗಲಿ ಎಂದಲ್ಲ, ನವೆಂಬರ್ ನವೆಂಬರಿನಲ್ಲೇ ಆಗಲಿ. ಆ ಪತ್ರ ಬರೆದದ್ದು ಅವಳಿಗೆ. ವಿಳಾಸ ಮಾತ್ರ ನಿಮ್ಮದಿತ್ತು.

ನಿಮ್ಮ ಅಳಿಯ